ಹೂಂಗುಟ್ಟಿದವನು

ಪೇಟೆಂಟ್ ಮೇಡಂ ಓದುತ್ತಿದ್ದರು, ಅವನು ಹೂಂಗುಟ್ಟುತ್ತಿದ್ದ. ತಾನು ಹಾಗೆ ಹೂಂಗುಟ್ಟುತ್ತಿದ್ದೇನೆಂಬುದು ಅವನಿಗೆ ಹೊಳೆದದ್ದು ಅವರು ಓದು ನಿಲ್ಲಿಸಿ, ಕನ್ನಡಕದ ಮೇಲಿನಿಂದ ನೋಡಿ, "ಇದನ್ನ ಮುಂಚೇನೇ ಓದಿದ್ದೀರಾ?" ಎಂದು ಕೇಳಿದಾಗ. "ಇಲ್ಲ ಮೇಡಂ." "ಮತ್ತೆ ನಾನು ವಾಕ್ಯ ಮುಗಿಸೋದರೊಳಗೆ ಹೂಂ ಅಂತೀರಲ್ಲ!" ಅವರು ನಕ್ಕರು. ಅವನೂ ನಗಲು ನೋಡಿದ. ಕಿಟಕಿಯ ಪಕ್ಕದ ಏಸಿ ಒಂದು ಬಕೆಟ್ಟಿಗೆ ಹನಿ ಹನಿಯಾಗಿ ಸೋರುತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆ ಅವನು ಒಳಗೆ ಬಂದಾಗ ಬಾಗಿಲ ಬಳಿ ಕೂತಿದ್ದವನು ಅವನ ಜೇಬಿನ ಸ್ಕ್ರೂಡ್ರೈವರ್ ನೋಡಿ, "ಏಸಿ ರಿಪೇರಿಯವರಾ? ಎಷ್ಟು ಸಲ ಫೋನ್ ಮಾಡಬೇಕ್ರೀ ನಿಮಗೆ" ಎಂದು ಗದರಿ ನೇರ ಆ ಬಕೆಟ್ಟಿನ ಮುಂದೆ ತಂದು ನಿಲ್ಲಿಸಿದ್ದ. ತಾನು ಅವನಲ್ಲ ಎಂದು ಹೇಳುವುದಕ್ಕೆ ಬಾಯಿ ಬರುವ ಹೊತ್ತಿಗೆ ಕೈ ಯಂತ್ರದ ಒಂದು ತಿರುಪನ್ನು ಬಿಚ್ಚಿಯೂ ಆಗಿತ್ತು. ಮೇಡಂ ಬಂದು, "ಅಯ್ಯೋ, ಇವರು ನಮ್ಮ ಕ್ಲೈಂಟು" ಎಂದಾಗ ಬಾಗಿಲವನು ಕ್ಷಮೆ ಕೇಳಲಿಲ್ಲ. ಬಿಚ್ಚಿದ ತಿರುಪನ್ನು ಮತ್ತೆ ಹಾಕುವವರೆಗೂ ಕೈಕಟ್ಟಿ ನಿಂತೇ ಇದ್ದ.

ಸೋಮವಾರ ಅವನ ಮುಚ್ಚಳ ಅಂಗಡಿಗಳಿಗೆ ಹೋಗಬೇಕು. ಔಷಧದ ಬಾಟಲಿಯ ಬಾಯಿಗೆ ತಿರುಪಿ ಕೂರಿಸುವ ಮುಚ್ಚಳ; ಬಾಟಲಿಯನ್ನು ಒಮ್ಮೆ ಬಗ್ಗಿಸಿದರೆ ಒಂದು ಚಮಚದಷ್ಟು ಬಂದು ತಾನಾಗಿ ನಿಲ್ಲುತ್ತದೆ. ಒಳಗೊಂದು ಪುಟ್ಟ ಕೋಣೆ, ಕೋಣೆಯಲ್ಲೊಂದು ಗಾಜಿನ ಗುಂಡು. ಅಳತೆ ಮುಗಿದ ಕೂಡಲೇ ಗುಂಡು ಉರುಳಿ ಬಾಗಿಲು ಹಾಕಿಕೊಳ್ಳುತ್ತದೆ. ಚಮಚ ಬೇಡ, ಗೆರೆ ನೋಡುವುದು ಬೇಡ, ಕಣ್ಣೇ ಬೇಡ. ಅದಕ್ಕಾಗಿ ಅವನು ಸಂಬಳದ ಕೆಲಸ ಬಿಟ್ಟು ಬಾಡಿಗೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತಿದ್ದ. ಮಾಲು ಇಳಿಸುವ ಮುಂಚೆ ಇಂಥದ್ದೇ ಪೇಟೆಂಟ್ ಬೇರೆ ಯಾರ ಹೆಸರಿನಲ್ಲಾದರೂ ಇದೆಯೇ ಎಂದು ಹುಡುಕಿಸಲೇಬೇಕು, ಇದ್ದರೆ ಮೊದಲ ಲೋಡಿನ ಹಿಂದೆಯೇ ನೋಟಿಸು ಬಂದು ಶೆಡ್ಡಿಗೆ ಬೀಗ ಬೀಳುತ್ತದೆ ಎಂದು ತಿಳಿದವರೆಲ್ಲ ಹೆದರಿಸಿದ್ದರು. ಶುರುವಿನಲ್ಲಿ ಹುಡುಕಿಸಿದಾಗ ಏನೂ ಸಿಕ್ಕಿರಲಿಲ್ಲ. "ಯಾವುದಕ್ಕೂ ಕೊನೇ ಸಲ ನೋಡಿಬಿಡೋಣ" ಎಂದವರು ಮೇಡಂ, "ಅರ್ಜಿ ಹಾಕಿದ ಮೇಲೆ ಒಂದೂವರೆ ವರ್ಷ ಅದನ್ನ ಮುಚ್ಚೇ ಇಟ್ಟಿರ್ತಾರೆ. ಅಲ್ಲೀವರೆಗೆ ಯಾರ ಹೊಟ್ಟೇಲಿ ಏನಿದೆಯೋ ನಮಗೆ ಗೊತ್ತಾಗಲ್ಲ." ನಿನ್ನೆ ಒಂದು ಹೊಟ್ಟೆ ತೆರೆದುಕೊಂಡಿತ್ತು.

"ಕೇಳಿ, ಮುಖ್ಯವಾದ್ದು ಇಲ್ಲಿದೆ" ಎಂದು ಅವರು ಮತ್ತೆ ಓದತೊಡಗಿದರು, ಬಸ್ಸಿನ ವೇಳೆ ಓದುವವರ ದನಿಯಲ್ಲಿ. ಬಾಟಲಿಯೊಳಕ್ಕೆ ಗಾಳಿ ಹೋಗಲು ದಾರಿ ಇಲ್ಲದಿದ್ದರೆ ದ್ರವವು ಬಿಕ್ಕುತ್ತದೆ. ಆದುದರಿಂದ ಮುಚ್ಚಳದ ಅಂಚಿನಲ್ಲಿ ಎದುರುಬದುರಾಗಿ ಎರಡು ರಂಧ್ರಗಳಿದ್ದು, ಔಷಧವು ತಡೆಯದೆ, ತೊದಲದೆ, ಬಿಕ್ಕದೆ ಹರಿಯುವಂತೆ... "ಇಂಥ ಅರ್ಜೀಲಿ ಯಾರೂ ಹೀಗೆ ಬರೆಯಲ್ಲ ನೋಡಿ. ಯಾರೋ ಕವಿ ಇರಬೇಕು" ಎಂದರು ಮೇಡಂ. ತಡೆಯದೆ, ತೊದಲದೆ, ಬಿಕ್ಕದೆ. ಆ ಮೂರು ಮಾತು ಅವನದು. ಒಂದು ಸಂಜೆ ಕೈಯಲ್ಲಿ ಅರ ಹಿಡಿದು, ಮಾದರಿಯ ಅಂಚನ್ನು ಉಜ್ಜುತ್ತ, ಎದುರಿಗೆ ಸ್ಟೂಲಿನ ಮೇಲೆ ಕೂತ ಒಂದು ಜೀವದ ಮುಂದೆ, ಮೂರನೆಯ ಮಾತಿಗೆ ಅರವನ್ನು ಬೆಂಚಿಗೆ ಕುಟ್ಟಿ ಹೇಳಿದ್ದ. ಆ ಜೀವ ಹೂಂ ಎಂದಿತ್ತು. ಈಗ ಅದೇ ಮಾತು ಪರದೆಯ ಮೇಲೆ ಬೇರೆ ಅಂಗಿ ತೊಟ್ಟು ನಿಂತಿತ್ತು. ಅವನ ಗಂಟಲು, ಯಾರ ಅಪ್ಪಣೆಯನ್ನೂ ಕೇಳದೆ, ಅದಕ್ಕೂ ಹೂಂಗುಟ್ಟಿಬಿಟ್ಟಿತ್ತು.

ಮೇಡಂ ಪರದೆಯನ್ನು ಅವನ ಕಡೆ ತಿರುಗಿಸಿದರು. ಚಿತ್ರದಲ್ಲಿ ಮುಚ್ಚಳ, ಕೋಣೆ, ಗುಂಡು, ಎರಡು ತೂತು. "ನಿಮ್ಮ ಪುಣ್ಯ ಚೆನ್ನಾಗಿದೆ. ಅವರು ಬೇಲಿ ಹಾಕಿಕೊಂಡಿರೋದು ಈ ಎರಡು ತೂತಿನ ಸುತ್ತ. ನಿಮ್ಮದರಲ್ಲಿ ಒಂದೇ ತೂತು, ಅದೂ ಓರೆಯಾಗಿ. ನೀವು ಬೇಲಿ ಹೊರಗಿದ್ದೀರಿ." ಹೌದು, ಎರಡು ತೂತಿದ್ದರೆ ಬಗ್ಗಿಸಿದಾಗ ಕೆಳಗೆ ಬಂದದ್ದು ಸೋರುತ್ತದೆ. ಅದು ಅವನಿಗೆ ಗೊತ್ತಾದದ್ದು ಹೇಳಿದ ಮೇಲೆ, ಮಾಡಿ ನೋಡಿದಾಗ. ಹೇಳಿದ್ದು ಎರಡು, ಮಾಡಿದ್ದು ಒಂದು. ಇದನ್ನು ಬರೆದವನು ಮಾಡಿ ನೋಡಿದವನಲ್ಲ, ಕೇಳಿ ಕೂತವನು. "ಕಂಪನಿ ಹೆಸರಲ್ಲಿದೆ ಅರ್ಜಿ" ಎಂದು ಮೇಡಂ ಬೆರಳಿಟ್ಟು ಓದಿದರು, "ಕಂಡುಹಿಡಿದವರು ಅಂತ ಒಬ್ಬರದೇ ಹೆಸರು. ಅರೆ, ನಿಮ್ಮ ಮನೆ ಹೆಸರೇ ಇದೆಯಲ್ಲ. ಇವರು ನಿಮಗೆ ಏನಾಗಬೇಕು?"

"ಆ ಹೆಸರು ಬೇಕಾದಷ್ಟು ಜನಕ್ಕಿದೆ ಮೇಡಂ."

"ನೀವು ಯಾರಿಗಾದರೂ ಇದನ್ನ ಹೇಳಿದ್ದಿರಾ?"

"ಯಾರಿಗೂ ಇಲ್ಲ."

ಅವರು ಅವನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮೆತ್ತಗೆ, ಡಾಕ್ಟರು ಹೇಳುವ ಹಾಗೆ, ಎರಡು ದಾರಿಯನ್ನೂ ಹೇಳಿದರು. ಒಂದು, ಇದು ನನ್ನಿಂದ ಕದ್ದದ್ದು ಎಂದು ಆಕ್ಷೇಪಣೆ ಹಾಕುವುದು. ಆಗ ಯಾರು, ಎಲ್ಲಿ ಕೂತು, ಹೇಗೆ ಕೇಳಿಸಿಕೊಂಡರು ಎಂದು ಹೆಸರು ಹಿಡಿದು ಬರೆದು ಸಹಿ ಹಾಕಬೇಕು, ಅದು ಇತ್ಯರ್ಥವಾಗುವವರೆಗೆ ಮಾಲು ಇಳಿಸದಿರುವುದು ಕ್ಷೇಮ. ಇನ್ನೊಂದು, ನಮ್ಮದು ಬೇರೆ ಎಂದು ಒಂದು ಸಾಲು ಬರೆದು, ಆ ಒಂದು ಓರೆ ತೂತಿಗಷ್ಟೇ ಅರ್ಜಿ ಹಾಕಿ, ಸೋಮವಾರ ಧೈರ್ಯವಾಗಿ ಹೊರಡುವುದು. "ಆದರೆ ಮೊದಲು ಹೊಳೆದದ್ದು ಅವರಿಗೆ ಅಂತ ಆಗುತ್ತೆ. ಒಂದು ಸಲಕ್ಕೆ ಒಂದು ಚಮಚ ಅನ್ನೋ ಉಪಾಯಾನೇ ಅವರದು ಅಂತ ನೀವೇ ಒಪ್ಪಿಕೊಂಡ ಹಾಗೆ. ಸಂಜೆ ಏಳರವರೆಗೆ ಇಲ್ಲೇ ಇರ್ತೀನಿ. ಯೋಚನೆ ಮಾಡಿ ಹೇಳಿ." ಹೊರಗೆ ಬರುವಾಗ ಬಾಗಿಲವನು, "ಇನ್ನೂ ಸೋರ್ತಾನೇ ಇದೆಯಲ್ಲ ಸ್ವಾಮಿ" ಎಂದ.

ಬೀದಿಯಲ್ಲಿ ಬಿಸಿಲು ಚೊಕ್ಕಟವಾಗಿತ್ತು. ನಿಂತ ಬಸ್ಸೊಂದು ಎಂಜಿನ್ನು ಆರಿಸದೆ ಹೂಂ ಎನ್ನುತ್ತಿತ್ತು. ಮುಚ್ಚಿದ ಅಂಗಡಿಯ ಶೀತಪೆಟ್ಟಿಗೆ ಒಳಗಿನಿಂದ ಹೂಂ ಎನ್ನುತ್ತಿತ್ತು. ಅವನು ಕಿವಿ ಮುಚ್ಚಿಕೊಳ್ಳಬೇಕೆಂದು ಕೈ ಎತ್ತಿ, ಎದುರಿಗೆ ಯಾರೋ ಬರುತ್ತಿದ್ದರೆಂದು ತಲೆ ಸವರಿಕೊಂಡ. ಅಪ್ಪನಿಗೆ ಪದ್ಯ ಹೇಳಲು ಪುಸ್ತಕ ಬೇಕಿರಲಿಲ್ಲ, ಬೇಕಿದ್ದದ್ದು ಹೂಂ. ಕೆಲಸದಿಂದ ಬಂದು, ಕೈಕಾಲು ತೊಳೆದು, ದೀಪದ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತು ಶುರು ಮಾಡಿದರೆ, ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಯಾರಾದರೂ ಹೂಂ ಎನ್ನಬೇಕು. ಎನ್ನದಿದ್ದರೆ ಕಣ್ಣುಮುಚ್ಚಿಕೊಂಡೇ ಕಾಯುತ್ತಿದ್ದರು, ಸಿಟ್ಟಿಲ್ಲ, ಬೇಸರವಿಲ್ಲ, ಮುಂದಿನ ಸಾಲು ನಾಲಿಗೆಯ ತುದಿಯಲ್ಲೇ ಇದ್ದರೂ ಬಿಡುತ್ತಿರಲಿಲ್ಲ. ಅಮ್ಮ ಅಡುಗೆಮನೆಯಿಂದ, "ಯಾರಾದ್ರೂ ಹೂಂ ಅನ್ರೋ, ಊಟಕ್ಕೆ ಹೊತ್ತಾಯ್ತು, ಪಾಪ ಆ ರಾಜಕುಮಾರ ಎಷ್ಟು ಹೊತ್ತು ಕಾಡಲ್ಲೇ ನಿಂತಿರಬೇಕು" ಎನ್ನುತ್ತಿದ್ದಳು. ಹೂಂ ಎನ್ನುವ ಕೆಲಸ ಅಣ್ಣನದು. ಅವನದು ಎರಡನೆಯ ಪದ್ಯಕ್ಕೇ ಅಮ್ಮನ ಸೀರೆಯ ವಾಸನೆಯಲ್ಲಿ ನಿದ್ದೆ ಹೋಗುವುದು. ನಿದ್ದೆಯೊಳಗೂ ಅಣ್ಣನ ಹೂಂ ಕೇಳುತ್ತಿತ್ತು, ಒಂದೇ ಎತ್ತರದ್ದು, ತಡವೂ ಇಲ್ಲ ಅವಸರವೂ ಇಲ್ಲ. ದೇವರು ಎಂದರೆ ದೀಪದ ಹಿಂದೆ ಕೂತು ನಮಗೆ ಕೇಳಿಸದ ಹಾಗೆ ಹೂಂ ಎನ್ನುತ್ತಿರುವವನು ಎಂದು ಅವನು ಆಗ ನಂಬಿದ್ದ. ಆ ನಂಬಿಕೆಯನ್ನು ಬಿಡಲು ಈವರೆಗೆ ಕಾರಣ ಸಿಕ್ಕಿರಲಿಲ್ಲ. "ನನ್ನ ಪದ್ಯ ನಿಂತಿರೋದು ಇವನ ಹೂಂ ಮೇಲೆ" ಎಂದು ಅಪ್ಪ ಬಂದವರ ಮುಂದೆಲ್ಲ ಅಣ್ಣನ ತಲೆ ಮುಟ್ಟಿ ಹೇಳುತ್ತಿದ್ದರು. ಹೇಳಿದಾಗೆಲ್ಲ ಅಣ್ಣ ನೆಲ ನೋಡುತ್ತಿದ್ದ.

ಅಪ್ಪನ ಆ ದನಿಯೇ ಕೊನೆಗೆ ಕೆಮ್ಮಿನಲ್ಲಿ ಹರಿದುಹೋಯಿತು. ಕಣ್ಣು ಮಂಜಾದ ಅಮ್ಮ ಬಾಟಲಿಯನ್ನು ಚಮಚಕ್ಕೆ ಬಗ್ಗಿಸಿದರೆ ಬಾಟಲಿ ಗುಳಕ್ ಎಂದು ಬಿಕ್ಕಿ ಒಮ್ಮೆಲೇ ಕಕ್ಕುತ್ತಿತ್ತು. ಅಂಟು ಔಷಧ ಅಪ್ಪನ ಅಂಗಿಯ ಎದೆಗೆ. ಅಮ್ಮ ಸೆರಗಿನಿಂದ ಒರೆಸುತ್ತ, "ಬಾಟಲಿ ಸರಿ ಇಲ್ಲ ಕಣ್ರೋ" ಎಂದು ಮಕ್ಕಳ ಕಡೆ ನೋಡಿ ಸುಳ್ಳು ನಗು ನಗುತ್ತಿದ್ದಳು. ಬಾಟಲಿ ಸರಿ ಇಲ್ಲ! ಹೌದಮ್ಮ, ಬಾಟಲಿಯೇ ಸರಿ ಇಲ್ಲ, ಎಂದು ಅವನಿಗೆ ಹೊಳೆದದ್ದು ಅವರಿಬ್ಬರೂ ಹೋದ ಮೇಲೆ. ಆ ನಗುವನ್ನು ಅಣ್ಣನೂ ನೋಡಿದ್ದ. ಇಬ್ಬರೂ ಮಂಚದ ಒಂದೊಂದು ಕಡೆ ನಿಂತಿದ್ದರು. ಹಾಗಾದರೆ ಆ ನಗು ಯಾರದು, ಯಾರ ಹೆಸರಿನಲ್ಲಿ ಅರ್ಜಿ ಹಾಕಬೇಕು ಎಂಬ ಯೋಚನೆ ಬಂದು, ಅದು ಅಣ್ಣನ ಪರವಾಗಿ ವಾದಿಸುವ ವಕೀಲನ ಹಾಗೆ ಕಂಡು, ಅವನು ನಡುಬೀದಿಯಲ್ಲಿ ಥೂ ಎಂದ. ಪಕ್ಕದಲ್ಲಿ ಹೋಗುತ್ತಿದ್ದ ಹೆಂಗಸು ಸೆರಗು ಎಳೆದುಕೊಂಡು ದೂರ ಸರಿದಳು.

ಮತ್ತೆ ಆ ಫಲಕ. ಹೋದ ವರ್ಷ ಅಣ್ಣನಿಗೆ ಬಡ್ತಿ ಬಂತು. ಮುಚ್ಚಳ, ಡಬ್ಬ, ಬಿರಡೆ ಮಾಡುವ ಆ ಕಂಪನಿಯ ಖರೀದಿ ವಿಭಾಗದಲ್ಲಿ, ತನ್ನ ಹಿಂದೆ ಬಂದವರೆಲ್ಲ ಮೇಲೆ ಹತ್ತಿಹೋಗುವುದನ್ನು ನೋಡುತ್ತ ಕೂತಿದ್ದವನಿಗೆ ಒಂದು ಕೋಣೆ, ಬಾಗಿಲಿಗೆ ಹೆಸರಿನ ಫಲಕ. ಅಭಿನಂದಿಸಲು ತಮ್ಮನಾದ ಅವನು ಹೂವು ತೆಗೆದುಕೊಂಡು ಹೋಗಿದ್ದ. ಫಲಕ ಎಡಕ್ಕೆ ವಾಲಿತ್ತು. "ತಾಳು" ಎಂದು ಜೇಬಿನಿಂದ ಇದೇ ಸ್ಕ್ರೂಡ್ರೈವರ್ ತೆಗೆದು, ತಿರುಪು ಸಡಿಲಿಸಿ, ಹಿಂದೆ ಹೆಜ್ಜೆ ಇಟ್ಟು ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಬಿಗಿದು, ಅಣ್ಣನ ಹೆಸರನ್ನು ತನ್ನ ಕೈಯಾರೆ ನೆಟ್ಟಗೆ ನಿಲ್ಲಿಸಿದ್ದ. "ನೋಡು, ಈಗ ಗತ್ತು ಬಂತು." ಅಣ್ಣ, "ಬಿಡೋ, ಬಿಡೋ, ವಾಲಿದ್ದರೆ ಏನಾಯ್ತು" ಎಂದು ಕಾರಿಡಾರಿನ ಆ ಕಡೆ ಈ ಕಡೆ ನೋಡಿದ್ದ. ಸಂಕೋಚ ಎಂದುಕೊಂಡಿದ್ದ ಅದನ್ನು. ಈಗ ನೆನೆದರೆ ಅಣ್ಣನ ಕಿವಿಯ ತುದಿ ಕೆಂಪಾಗಿದ್ದದ್ದೂ, ತನ್ನ ಹೆಗಲು ಹಿಡಿದು ಬಾಗಿಲಿನಿಂದ ಬೇಗ ಬೇಗ ಲಿಫ್ಟಿನ ಕಡೆಗೆ ನಡೆಸಿಕೊಂಡು ಹೋದದ್ದೂ ಕಾಣುತ್ತದೆ. ಅಷ್ಟು ಪ್ರೀತಿಯಿಂದ ಅಣ್ಣ ಎಂದೂ ಹೆಗಲು ಹಿಡಿದಿರಲಿಲ್ಲ ಎಂದು ಅವತ್ತು ರಾತ್ರಿ ಹೆಂಡತಿಗೆ ಹೇಳಿದ್ದ.

ಮನೆಗೆ ಬಂದಾಗ ಹೆಂಡತಿ ತಟ್ಟೆ ಇಟ್ಟಳು. ಅವನು ಹೇಳಿದ, ಹೇಳುವುದು ಇಷ್ಟು ಚಿಕ್ಕದಿರುತ್ತದೆ ಎಂದು ತಿಳಿದಿರಲಿಲ್ಲ, ಮೂರು ಮಾತಿನಲ್ಲಿ ಮುಗಿಯಿತು. ಅವಳು ನಿಂತಲ್ಲೇ ಸೌಟು ಹಿಡಿದು ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. "ಭಾವನವರಾ" ಎಂದಳು. "ಯಾರಾದರೂ ತಮ್ಮ ಕಾಲು ತುಳಿದರೂ ತಾವೇ ಸಾರಿ ಅನ್ನೋ ಮನುಷ್ಯ." ಆಮೇಲೆ, "ಎಲ್ಲ ಅವರಿಗೇ ಯಾಕೆ ಹೇಳೋಕೆ ಹೋದ್ರಿ? ಮನೇಲಿ ನಾನಿರಲಿಲ್ವಾ?"

"ನಿನಗೆ ಹೇಳಿದರೆ ಪ್ರಶ್ನೆ ಕೇಳ್ತೀಯ."

"ಕೇಳ್ತೀನಿ. ಅದು ಯಾಕೆ, ಇದು ಹ್ಯಾಗೆ, ಕೆಳಗಿನ ತೂತು ಸೋರಲ್ವಾ ಅಂತ ಕೇಳ್ತೀನಿ. ನಿಮಗದು ಬೇಡ. ಹೇಳ್ತಾ ಹೋಗಬೇಕು, ಎದುರಿಗೆ ಒಂದು ತಲೆ ಆಡ್ತಾ ಇರಬೇಕು. ಒಂದು ದಿನ, ಒಂದೇ ಒಂದು ದಿನ, ಅಣ್ಣಾ ನಿನ್ನ ಆಫೀಸಲ್ಲಿ ಇವತ್ತು ಏನಾಯ್ತು ಅಂತ ಕೇಳಿದ್ದೀರಾ? ನೀವು ಹೇಳ್ತಾ ಇದ್ದದ್ದು ಅವರಿಗಲ್ಲ ರೀ, ಆ ಸ್ಟೂಲಿಗೆ."

"ಅದಕ್ಕೆ ಸ್ಟೂಲು ಕದೀಬಹುದಾ?"

"ಅಂತ ನಾನಂದ್ನಾ? ಕಳ್ಳತನ ಕಳ್ಳತನವೇ. ಊಟ ಮಾಡಿ." ಅವಳು ಬಡಿಸಿದಳು. ಒಂದು ತುತ್ತಾದ ಮೇಲೆ, "ಕೆಳಗಿನ ತೂತು ಸೋರ್ತಿತ್ತು ತಾನೇ?" ಎಂದು ಕೇಳಿದಳು. ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ.

ಅವಳಿಗೆ ಹೇಳದ ಒಂದು ಮಾತಿತ್ತು. ಶೆಡ್ಡಿನ ಬಾಗಿಲಿನ ಹಸಿರು ಬಣ್ಣ ನೋಡಿದ ಕೂಡಲೇ ಅದು ಎದ್ದು ನಿಂತಿತು. ಆ ಬಣ್ಣ ಹೊಡೆಸಿದ ದಿನಗಳಲ್ಲಿ, ಎರಡು ತೂತಿನ ಮೊದಲ ಮಾದರಿ ಸೋರಿ, ಅವನು ಒಂದನ್ನು ಮುಚ್ಚಿ ಇನ್ನೊಂದನ್ನು ಓರೆ ಮಾಡಿ ಗೆದ್ದಿದ್ದ. ಅಚ್ಚಿನ ಮೇಸ್ತ್ರಿ ಹೊಸ ಅಚ್ಚಿಗೆ ಅಳತೆ ಬರೆದುಕೊಳ್ಳುತ್ತ, "ಅಲ್ಲ ಸಾರ್, ನಿಮ್ಮಣ್ಣ ಮುಚ್ಚಳದ ಕಂಪನೀಲೇ ಇರೋದಂತಲ್ಲ? ಬೆಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹಾಲು ಕಾಯಿಸ್ತಾ ಇದೀರಲ್ಲ" ಎಂದು ಕಿಸಕ್ಕನೆ ನಕ್ಕಿದ್ದ. ಅವನು ಬೈದಿದ್ದ, ನಮ್ಮಣ್ಣ ಅಂಥವನಲ್ಲ ಕಣಯ್ಯ ಎಂದು ಗಟ್ಟಿಯಾಗಿ, ಅಗತ್ಯಕ್ಕಿಂತ ಗಟ್ಟಿಯಾಗಿ ಬೈದಿದ್ದ. ಅದೇ ಸಂಜೆ ಅಣ್ಣ ಬಂದು, ಗಿಡ್ಡ ಕಾಲಿನ ಕೆಳಗೆ ಮಡಿಸಿದ ರಟ್ಟು ತಳ್ಳಿ ಸ್ಟೂಲನ್ನು ನಿಲ್ಲಿಸಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ, ಹಸಿ ಬಣ್ಣದ ವಾಸನೆಯಲ್ಲಿ ಅವನು ಒಂದು ತೂತಿನ ಮಾತನ್ನು ಬಾಯಿಗೆ ತಂದು ನುಂಗಿಬಿಟ್ಟಿದ್ದ. ಎಲ್ಲ ಮುಗಿದ ಮೇಲೆ ತೋರಿಸಿ ಬೆರಗುಗೊಳಿಸೋಣ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲಿನ ಎಲ್ಲ ಸಂಜೆಗಳಲ್ಲೂ ಹೇಳಿದ. ಪ್ಲಾಸ್ಟಿಕ್ಕಿನ ಗುಣ, ಗುಂಡಿನ ನುಣುಪು, ಎರಡು ತೂತಿನ ಅಂದ. ಸುಳ್ಳು ಹೇಳಲಿಲ್ಲ, ತಿದ್ದಲಿಲ್ಲ ಅಷ್ಟೇ. ಅಣ್ಣ ಎಲ್ಲದಕ್ಕೂ ಮೊದಲಿನ ಹಾಗೆಯೇ ಹೂಂ ಎಂದ. ಇವತ್ತು ಬೆಳಿಗ್ಗೆ ಮೇಡಂ ಅರ್ಜಿ ಹಾಕಿದ ತಿಂಗಳನ್ನು ಓದಿದರು. ಅದೂ ಆ ಹಸಿರು ಬಣ್ಣದ ತಿಂಗಳೇ. ಅವನು ಆ ಮಾತು ನುಂಗುವ ಮುಂಚೆ ಅಣ್ಣ ಕಂಪನಿಗೆ ಇದನ್ನು ಕೊಟ್ಟನೋ, ನುಂಗಿದ ಮೇಲೆ ಕೊಟ್ಟನೋ? ಮುಂಚೆಯಾದರೆ ಅಣ್ಣ ಕಳ್ಳ, ಅಷ್ಟರಲ್ಲಿ ಮುಗಿಯಿತು, ತನ್ನ ಅನುಮಾನವೇ ಸರಿ. ಆಮೇಲಾದರೆ? ಆಮೇಲಾದರೂ ಅಣ್ಣ ಕಳ್ಳನೇ. ಆದರೆ ಹಾಗೆಂದುಕೊಂಡಾಗ ಎದೆಯಲ್ಲಿ ಏನೋ ಒಂದು, ಸರಿಯಾಗಿ ಕೂರದ ಗುಂಡಿನ ಹಾಗೆ, ಉರುಳುತ್ತಲೇ ಇತ್ತು.

ಅವನು ಕಪಾಟಿನಿಂದ ಒಂದು ಮುಚ್ಚಳ ತೆಗೆದು, ತೂತಿನ ಎದುರು ಇನ್ನೊಂದು ತೂತು ಕೊರೆದ. ಕೊರೆಯುವಾಗ ಸಿಂಬೆಯಾಗಿ ಎದ್ದ ಬಿಳಿ ಸಿಪ್ಪೆಯನ್ನು ಊದಿದ. ಒಂದು ಬಾಟಲಿಗೆ ಕೆಂಪು ಶರಬತ್ತು ತುಂಬಿ ಆ ಮುಚ್ಚಳ ಬಿಗಿದು ಬೆಂ​ಚಿನ ಮೇಲಿಟ್ಟ. ಪಕ್ಕದಲ್ಲಿ ಶರಬತ್ತಿನ ಇನ್ನೊಂದು ಬಾಟಲಿ, ಅದಕ್ಕೆ ತನ್ನ ಮುಚ್ಚಳ. ಗೋಡೆಯ ಉದ್ದಕ್ಕೂ ಸೋಮವಾರದ ಪೆಟ್ಟಿಗೆಗಳು ಟೇಪು ಹಾಕಿಸಿಕೊಂಡು ಕೂತಿದ್ದವು. ಅಣ್ಣನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೇಳುವುದನ್ನು ಹೇಗೆ ಕೇಳಬೇಕೆಂದು ಅಭ್ಯಾಸ ಮಾಡಿಕೊಳ್ಳಲು ಬಾಯಿ ತೆರೆದರೆ, ಖಾಲಿ ಸ್ಟೂಲಿನ ಕಡೆಯೇ ತಿರುಗಿ ಮಾತಾಡುತ್ತಿದ್ದ.

ಅಣ್ಣ ಎಂದಿನ ಹೊತ್ತಿಗೆ ಬಂದ. ರಟ್ಟು ತಳ್ಳಿದ, ಕೂತ, ಚೀಲವನ್ನು ಮಡಿಲಲ್ಲಿಟ್ಟುಕೊಂಡ. ಅಂಗಿಯ ತೋಳು ಇಸ್ತ್ರಿಯ ಗೆರೆ ಕೆಡದೆ ಬೆಳ್ಳಗಿತ್ತು. "ಪ್ಯಾಕಿಂಗೆಲ್ಲ ಆಯ್ತಾ?" ಎಂದ. ಅವನು ಎರಡು ತೂತಿನ ಬಾಟಲಿ ಎತ್ತಿ, ಲೋಟ ಹಿಡಿದು, ಅಣ್ಣನ ಮೊಣಕಾಲಿನ ಮೇಲೆ ಬಗ್ಗಿಸಿದ. ಒಂದು ಚಮಚ ಲೋಟಕ್ಕೆ ಬಂದು ನಿಂತಿತು. ಕೆಳಗಿನ ತೂತಿನಲ್ಲಿ ಒಂದು ಹನಿ ಮೂಡಿ, ದಪ್ಪವಾಗಿ, ತಡೆದು, ಅಣ್ಣನ ಬಿಳಿ ತೋಳಿನ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು.

"ಎರಡು ತೂತಿದ್ದರೆ ಕೆಳಗಿನದು ಸೋರುತ್ತೆ" ಎಂದ ಅವನು.

"ಹೂಂ."

"ನಿಮ್ಮಲ್ಲೂ ಸೋರ್ತಿರಬೇಕು."

ಹೂಂ ಬರಲಿಲ್ಲ. ಅಣ್ಣ ಕೈ ಹಿಂದಕ್ಕೆಳೆದುಕೊಳ್ಳಲೂ ಇಲ್ಲ. ಹನಿ ಬಟ್ಟೆಯಲ್ಲಿ ಹರಡಿಕೊಳ್ಳುವುದನ್ನು ಇಬ್ಬರೂ ನೋಡಿದರು. "ಯಾವಾಗ ಗೊತ್ತಾಯ್ತು?" ಎಂದ ಅಣ್ಣ.

"ಬೆಳಿಗ್ಗೆ. ಮೇಡಂ ಓದಿ ಹೇಳಿದರು. ತಡೆಯದೆ, ತೊದಲದೆ, ಬಿಕ್ಕದೆ."

"ಅದನ್ನ ತೆಗೀರಿ ಅಂದಿದ್ದರು ನಮ್ಮ ವಕೀಲರು." ಅಣ್ಣ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ ಹೇಳಿದ. "ನಾನೇ ಬಿಡಲಿಲ್ಲ. ಅದೊಂದು ಇರಲಿ ಅಂದೆ. ಚೆನ್ನಾಗಿತ್ತು."

ಹೊಡೆಯಬೇಕೆನಿಸಿತು. ಕದ್ದದ್ದಕ್ಕಲ್ಲ, ಚೆನ್ನಾಗಿತ್ತು ಎಂದದ್ದಕ್ಕೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಎದುರಿಗೆ ಹಾಗೆ ಹೇಳಿರಲಿಲ್ಲ ಅಣ್ಣ. ಹೊಗಳಿಕೆ ಈ ದಾರಿಯಲ್ಲಿ ಬರಬೇಕಾಯಿತೇ.

"ಸೋರುತ್ತೆ" ಎಂದ ಅಣ್ಣ, ಈಗ ಮಾತು ತಾನಾಗಿ ಬರುತ್ತಿತ್ತು. "ಮಾಡಿದ್ದೆಲ್ಲ ಸೋರುತ್ತೆ. ನಿಮ್ಮ ಉಪಾಯ ತಾನೇ ಸಾರ್, ನೀವೇ ಸರಿ ಮಾಡಿ ಅಂತಾರೆ. ನಾನು ಆ ಕೋಣೇಲಿ ಬಾಗಿಲು ಹಾಕ್ಕೊಂಡು ಕೂತಿರ್ತೀನಿ. ನನಗೇನು ಗೊತ್ತೋ? ನೀನು ಹೇಳಿದ್ದಷ್ಟೇ ಗೊತ್ತು."

"ಅದಕ್ಕೇ ದಿನಾ ಬರ್ತಿದ್ದೆ. ಸರಿ ಮಾಡೋದು ಹ್ಯಾಗೆ ಅಂತ ನಾನು ಬಾಯಿ ಬಿಡಲಿ ಅಂತ."

"ದಿನಾ ಬರ್ತಿದ್ದೆ. ಅದಕ್ಕೆ ಮುಂಚೇನೂ ಬರ್ತಿರಲಿಲ್ವಾ?" ಅಣ್ಣ ತಲೆ ಎತ್ತಿದ. "ನೀನು ಏನೋ ನುಂಗ್ತಾ ಇದ್ದೀಯ ಅಂತ ನನಗೆ ಗೊತ್ತಿತ್ತು. ಅಪ್ಪ ಒಂದು ಸಾಲು ಹಾರಿಸಿದರೆ ಹೂಂ ಅನ್ನೋನಿಗೆ ಗೊತ್ತಾಗ್ತಿರಲಿಲ್ವಾ? ನೀನು ನಿದ್ದೆ ಮಾಡ್ತಿದ್ದೆ. ನನಗೆ ಗೊತ್ತಾಗ್ತಿತ್ತು. ಆದರೂ ಹೂಂ ಅಂತಿದ್ದೆ."

ಗೋಡೆಯ ಗಡಿಯಾರ ಏಳರ ಹತ್ತಿರವಿತ್ತು. ಅವನು ಬಾಟಲಿಯನ್ನು ಬೆಂಚಿನ ಮೇಲಿಟ್ಟ. ಇಡೀ ಮಧ್ಯಾಹ್ನ ಅಭ್ಯಾಸ ಮಾಡಿದ್ದ ಮಾತುಗಳೆಲ್ಲ ಎಲ್ಲೋ ಹೋಗಿ ಒಂದೇ ಉಳಿದಿತ್ತು. "ನಾನು ನುಂಗೋಕೆ ಮುಂಚೆ ಕೊಟ್ಟೆಯೋ, ಆಮೇಲೆ ಕೊಟ್ಟೆಯೋ? ಅದೊಂದು ಹೇಳು."

ಅಣ್ಣ ಚೀಲವನ್ನು ಮಡಿಲಿನಿಂದ ತೆಗೆದು ನೆಲದ ಮೇಲಿಟ್ಟ, ಬೆನ್ನು ನೆಟ್ಟಗೆ ಮಾಡಿದ. ಹಾಗೆ ಕೂತಾಗ ಅಪ್ಪನ ಹಾಗೆಯೇ ಕಂಡ. "ಅವತ್ತು ಕ್ಯಾಂಟೀನಿನಲ್ಲಿ ಯಾರೂ ಇರಲಿಲ್ಲ" ಎಂದು ಶುರು ಮಾಡಿದ. "ನಾನು ಒಬ್ಬನೇ ಕೂತಿದ್ದೆ. ದೊಡ್ಡ ಸಾಹೇಬರು ತಟ್ಟೆ ಹಿಡ್ಕೊಂಡು ಬಂದು ನನ್ನ ಎದುರಿಗೇ ಕೂತರು. ನಾನು ಎದ್ದು ನಿಂತೆ. ಕೂತ್ಕೊಳ್ಳಿ ಅಂದರು. ಕೂತ್ಕೊಂಡು, ಏನಾದರೂ ಹೇಳಿ, ನೀವು ಯಾವಾಗಲೂ ಏನೂ ಹೇಳೋದೇ ಇಲ್ಲವಲ್ಲ, ಅಂದರು."

ಅಲ್ಲಿ ಅಣ್ಣ ಉಸಿರು ತೆಗೆದುಕೊಂಡ. ತೆಗೆದುಕೊಂಡು, ಕಾದ.

ಕಾಯುತ್ತಿದ್ದಾನೆ ಎಂದು ಅವನಿಗೆ ಗೊತ್ತಾಯಿತು. ಕಣ್ಣು ಅರ್ಧ ಮುಚ್ಚಿದೆ, ಮುಂದಿನ ಮಾತು ನಾಲಿಗೆಯ ತುದಿಯಲ್ಲಿದೆ, ಒಂದು ಹೂಂ ಸಾಕು, ಬಿದ್ದುಬಿಡುತ್ತದೆ. ಮುಂಚೆಯೋ, ಆಮೇಲೋ. ತಿಳಿಯಬೇಕೆಂದು ಪ್ರಾಣವೇ ಹೋಗುವ ಹಾಗಿದ್ದರೂ, ಗಂಟಲಿನೊಳಗೆ ಬಂದು ನಿಂತ ಆ ಹೂಂ ಬೆಳಿಗ್ಗೆ ತನ್ನಿಂದ ತಾನೇ ಹೊರಟ ಹಾಗೆ ಈಗ ಹೊರಡಲಿಲ್ಲ. ಅದು ಹೊರಟರೆ ಅದರ ಜೊತೆ ಎಲ್ಲವೂ ಹೋಗುತ್ತದೆ; ಕ್ಯಾಂಟೀನು ಕಣ್ಣಿಗೆ ಕಟ್ಟುತ್ತದೆ, ಎದ್ದು ನಿಂತ ಅಣ್ಣ ಕಾಣುತ್ತಾನೆ, ಎರಡನೆಯ ಹೂಂ ಬರುತ್ತದೆ, ಮೂರನೆಯದಕ್ಕೆ ಕ್ಷಮಿಸಿಯೇ ಆಗಿರುತ್ತದೆ. ಅಮ್ಮ ಒಳಗಿನಿಂದ, ಯಾರಾದ್ರೂ ಹೂಂ ಅನ್ರೋ, ಎನ್ನುತ್ತಿದ್ದಳು. ಅವನು ತುಟಿ ಬಿಗಿದು ತನ್ನ ಮುಚ್ಚಳದ ಬಾಟಲಿ ಎತ್ತಿ ಲೋಟಕ್ಕೆ ಬಗ್ಗಿಸಿದ. ತಡೆಯದೆ, ತೊದಲದೆ, ಬಿಕ್ಕದೆ ಒಂದು ಚಮಚ ಇಳಿದು, ಗುಂಡು ಸದ್ದಿಲ್ಲದೆ ಉರುಳಿ ಬಾಗಿಲು ಹಾಕಿಕೊಂಡಿತು. ಅಣ್ಣ ಕಣ್ಣು ಬಿಟ್ಟ. ಅವನ ಬಾಯಿ ಇನ್ನೂ ಸ್ವಲ್ಪ ತೆರೆದಿತ್ತು. ಅದನ್ನು ನಿಧಾನವಾಗಿ ಮುಚ್ಚಿಕೊಂಡ. ನೆಲದ ಮೇಲಿನ ಚೀಲವನ್ನು ಎತ್ತಿ ಮತ್ತೆ ಮಡಿಲಲ್ಲಿಟ್ಟುಕೊಂಡ.

ಅವನು ಫೋನು ತೆಗೆದುಕೊಂಡ. ಮೇಡಂ ಮೊದಲ ರಿಂಗಿಗೇ ಎತ್ತಿದರು. ಶೆಡ್ಡು ಚಿಕ್ಕದು, ಅವರ ದನಿ ಸ್ಟೂಲಿನವರೆಗೂ ಕೇಳುತ್ತಿತ್ತು.

"ನಮ್ಮದು ಬೇರೆ ಅಂತ ಬರೆದುಬಿಡಿ ಮೇಡಂ."

"ಆಕ್ಷೇಪಣೆ ಬೇಡವಾ? ನಿಮ್ಮದೇ ಅಂತ ನನಗೆ ಅನ್ನಿಸ್ತಿತ್ತು, ನಿಜ ಹೇಳಬೇಕಂದರೆ."

"ಬೇಡ."

"ಸರಿ. ನಾಳೆ ಬಂದು ಸಹಿ ಮಾಡಿ. ಮುಂದೆ ತಕರಾರು ಬರಬಾರದು, ಅದಕ್ಕೆ ಇನ್ನೊಂದು ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಅರ್ಜಿಯವರು ನಿಮಗೆ ಏನಾಗಬೇಕು?"

ಬಿಳಿ ತೋಳಿನ ಮೇಲಿನ ಕೆಂಪು ಒಣಗಿ ಅಂಚಿನಲ್ಲಿ ಗಟ್ಟಿಯಾಗುತ್ತಿತ್ತು. ಅಮ್ಮನಿದ್ದರೆ ಸೆರಗಿನಿಂದ ಒರೆಸುತ್ತಿದ್ದಳು.

"ಏನೂ ಆಗಬೇಕಿಲ್ಲ" ಎಂದ ಅವನು.

ಮಾತು ಮುಗಿದು, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಸ್ಟೂಲಿನ ಕಡೆಯಿಂದ, ಒಂದೇ ಎತ್ತರದಲ್ಲಿ, ತಡವೂ ಇಲ್ಲದೆ ಅವಸರವೂ ಇಲ್ಲದೆ ಬಂತು: ಹೂಂ.